ಹಿಂದಿನ ಗೇಟಿನಲ್ಲಿ ಇಳಿಸಿದ್ದು

"ಇನ್ನೊಂದು ಸುತ್ತು ಬಿಗೀರಿ," ಎಂದು ಚಟ್ಟಕ್ಕೆ ಹಗ್ಗ ಕಟ್ಟುತ್ತಿದ್ದವರಿಗೆ ಹೇಳಿ ಮುನಿಯಣ್ಣ ಅತ್ತಿಗೆಯ ಕಡೆ ತಿರುಗಿದ. "ಎತ್ತೋಣ್ವಾ ಅತ್ಗೆ? ರಾಹುಕಾಲ ಬತ್ತದೆ."

"ಸಂಗಣ್ಣ ಬರ್ಲಿ," ಎಂದಳು ಅಂಜನಮ್ಮ.

ಆನೇಕಲ್ ರಸ್ತೆಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ಅದರ ಬಾಯ್ಲರನ್ನು ಅವಳ ಗಂಡ ಆವಲಪ್ಪ, ಸಿಂಧನೂರಿನ ಸಂಗಣ್ಣ, ಇಬ್ಬರೇ ಪಾಳಿಯ ಮೇಲೆ ನೋಡಿಕೊಳ್ಳುತ್ತಿದ್ದರು. ನಿನ್ನೆ ಪಾಳಿ ಮುಗಿಸಿ ಬಂದ ಆವಲಪ್ಪ ಮುದ್ದೆ ಉಂಡು ಮಲಗಿದವನು ಏಳಲಿಲ್ಲ. ಬದುಕಿದ್ದಾಗಲೂ ಯಾರಿಗೂ ತೊಂದರೆ ಕೊಟ್ಟವನಲ್ಲ. ಬೆಳಿಗ್ಗೆ ಸಂಗಣ್ಣ ಫೋನಿನಲ್ಲಿ ಅತ್ತಿದ್ದ: "ಬೆಂಕಿ ಬಿಟ್ಟು ಬರಾಕ ಆಗವಲ್ದು ಅಕ್ಕಾ. ಅಣ್ಣಗ ಹೆಗಲು ಕೊಡದಿದ್ರ ತಿಂದ ಅನ್ನ ಮೈಗ ಹತ್ತಂಗಿಲ್ಲ."

ಮುನಿಯಣ್ಣನಿಗೆ ರೇಗಿತು. "ಸ್ವಿಚ್ ಆರ್ಸಿ ಬಂದ್ರಾಯ್ತು. ಅದೇನ್ ದೊಡ್ ಕೆಲ್ಸ?"

ಅಷ್ಟು ದುಃಖದಲ್ಲೂ ಅಂಜನಮ್ಮನಿಗೆ ನಗು ಬಂತು.

*

ಆರು ವರ್ಷದ ಹಿಂದೆ ಕಾರ್ಖಾನೆಯವರು ಎಣ್ಣೆ ಬಿಟ್ಟು, ಕಡಲೆಕಾಯಿ ಸಿಪ್ಪೆ, ಮರದ ಹೊಟ್ಟು ಒತ್ತಿ ಮಾಡಿದ ಉಂಡೆಗಳನ್ನು ಉರಿಸತೊಡಗಿದರು. ಇಪ್ಪತ್ತು ವರ್ಷ ಎಣ್ಣೆಯೊಡನೆ ಏಗಿದ್ದ ಆವಲಪ್ಪ ಮೊದಲ ದಿನವೇ ಹಳೇ ಅಭ್ಯಾಸದಂತೆ ಸ್ವಿಚ್ ಆರಿಸಿ ಟೀ ಕುಡಿಯಲು ಹೋದ. ಒಳಗೆ ತುಂಬಿದ್ದು ಉರಿಯುತ್ತಲೇ ಇತ್ತು. ಒತ್ತಡ ಏರಿ, ಸೇಫ್ಟಿ ವಾಲ್ವ್ ಕಿರುಚಿ, ಇಡೀ ಕಾರ್ಖಾನೆ ಎದ್ದೆವೋ ಬಿದ್ದೆವೋ ಎಂದು ರಸ್ತೆಗೆ ಓಡಿತು.

"ಎಣ್ಣೆ ಯೋಳಿದ್ ಮಾತು ಕೇಳ್ತಿತ್ತು ಕಣೆ," ಎಂದಿದ್ದ ಮನೆಗೆ ಬಂದು. "ಇದು ಅಂಗಲ್ಲ. ಆರ್ಸಿದ್ರೂ ತನ್ನ ಪಾಡಿಗೆ ಉರೀತದೆ. ಜೊತೇಲೇ ಕೂತಿರ್ಬೇಕು."

"ನನ್ನಂಗೆ ಅನ್ನು."

ಅಂದಿನಿಂದ ಅವನು ಬೆಂಕಿಯ ಪಕ್ಕದಲ್ಲೇ ಕೂತು ಉಂಡ. ಊಟ ತಂದ ಹೆಂಡತಿಗೂ ಬಿಡದೆ ಅದನ್ನು ನೋಡಿಕೊಳ್ಳುವ ಪಾಠ ಹೇಳಿದ. ಎಣ್ಣೆ ನಾತ ಹೋದ ಅವನ ಅಂಗಿಗಳನ್ನು ಒಗೆಯುವುದು ಅಂಜನಮ್ಮನಿಗೆ ಇಷ್ಟವಾಗುತ್ತಿತ್ತು.

*

ದಾರಿಯಲ್ಲಿ ಚಟ್ಟವನ್ನೊಮ್ಮೆ ಇಳಿಸಿ, ದಿಕ್ಕು ತಿರುಗಿಸಿ ಎತ್ತುವುದು ರೂಢಿ. ಹೆಂಗಸರು ಅಲ್ಲಿಂದ ಮುಂದೆ ಹೋಗುವಂತಿಲ್ಲ. ಊರವರು ಇಳಿಸುತ್ತಿದ್ದುದು ಅರಳಿಕಟ್ಟೆಯ ಬಳಿ.

"ಕಾರ್ಖಾನೆ ಹಿಂದಿನ ಗೇಟ್ ತಾವ ಇಳ್ಸಿ," ಎಂದಳು ಅಂಜನಮ್ಮ.

"ಸುತ್ತು ದಾರಿ ಆಯ್ತದಲ್ಲ ಅತ್ಗೆ."

"ದಿನಾ ಅವ್ರು ಓಗ್ತಿದ್ದ ದಾರಿನೇ."

ತಮಟೆ ಕೇಳಿ ಸಂಗಣ್ಣ ಗೇಟಿಗೆ ಬಂದ. ಹಿಂದೆಯೇ ಮ್ಯಾನೇಜರ್ ವಿಶ್ವನಾಥ್. "ಹೋಗ್ಬನ್ನಿ ಸಂಗಣ್ಣ, ಅಲ್ಲೀವರ್ಗೂ ನಾನ್ ನೋಡ್ಕೋತೀನಿ."

"ನಿಮಗ ಗೊತ್ತಾಗಂಗಿಲ್ರಿ ಸರ್," ಎಂದ ಸಂಗಣ್ಣ, ಕದಲದೆ.

ಅಂಜನಮ್ಮ ಗಂಡನ ಮುಖವನ್ನು ಕೊನೆಯ ಸಲ ನೋಡಿ, ಬಾಯಿಗೆ ಅಕ್ಕಿ ಹಾಕಿ ಎದ್ದಳು. "ನಾನಿರ್ತೀನಿ. ಒತ್ತಡದ ಮುಳ್ಳು ಕೆಂಪು ಗೆರೆ ತಾವ ಬಂದ್ರೆ ಬೆಂಕಿಗೆ ಗಾಳಿ ಊದೋ ಫ್ಯಾನ್ ಆರಿಸ್ತೀನಿ. ನೀನು ಓಗು."

ಸಂಗಣ್ಣ ಅವಳನ್ನೇ ನೋಡಿದ. ಕೈ ತೊಳೆದು ಬಂದು ಮುಂದಿನ ಹೆಗಲು ಕೊಟ್ಟ.

ಉಳಿದ ಹೆಂಗಸರು ಊರಿಗೆ ತಿರುಗಿದರು. ಬಾಯ್ಲರ್ ಮನೆಯಲ್ಲಿ ವಿಶ್ವನಾಥ್ ಒಲೆಯ ಬಾಗಿಲಿಗೆ ಕೈ ಚಾಚಿದ.

"ಮುಟ್ಬೇಡಿ ಸಾರ್. ಕೂತ್ಕೊಳ್ಳಿ."

ಮ್ಯಾನೇಜರ್ ಉಂಡೆಗಳ ಚೀಲದ ಮೇಲೆ ಕೂತ. ತಮಟೆಯ ಸದ್ದು ಕೆರೆಯ ಆಚೆ, ಸ್ಮಶಾನದ ಕಡೆ ಇಳಿಯುತ್ತಾ ಹೋಯಿತು. ಅಂಜನಮ್ಮ ಮುಳ್ಳಿನಿಂದ ಕಣ್ಣು ಕೀಳಲಿಲ್ಲ.