ಎಡಗಾಲಿಗೆ ಆರು ನೂಲು ಹೆಚ್ಚು

"ನೆಟ್ಟಗೆ ನಿಂತ್ಕೊಳ್ಳಿ ಸ್ವಾಮಿ, ಹೊಟ್ಟೆ ಒಳಗೆ ಎಳ್ಕೋಬೇಡಿ. ಇವತ್ತು ನನ್ನ ಟೇಪಿಗೆ ಸುಳ್ಳು ಹೇಳಿದ್ರೆ ನಾಳೆ ಗುಂಡಿ ಕಿತ್ತುಕೊಂಡು ನಿಜ ಹೇಳುತ್ತೆ!"

ಬೆಳಗಿನ ಹತ್ತು ಗಂಟೆಗೇ ನೂಲು ಮಾಸ್ಟರನ ಅಂಗಡಿ ಕಳೆಗಟ್ಟಿತ್ತು. ಇಂಚನ್ನು ಎಂಟು ಭಾಗ ಮಾಡಿದರೆ ಅದರಲ್ಲೊಂದು ಭಾಗಕ್ಕೆ ನೂಲು ಎನ್ನುತ್ತಾರೆ. ಬೇರೆ ದರ್ಜಿಗಳು ಅರ್ಧ ಇಂಚನ್ನೇ ಗಾಳಿಗೆ ಬಿಡುವಾಗ ಇವನು ಒಂದು ನೂಲಿಗೂ ಜಗಳಕ್ಕೆ ನಿಲ್ಲುವ ಆಸಾಮಿ. ಹಾಗಾಗಿ ಆ ಹೆಸರು ಅಂಟಿಕೊಂಡಿತ್ತು. ಬೀದಿಯ ಗಂಡಸರ ಸೊಂಟ, ತೊಡೆಗಳ ಅಳತೆಯೆಲ್ಲ ಅವನಿಗೆ ಬಾಯಿಪಾಠ. ಯಾರು ಊದಿದರು, ಯಾರು ಇಳಿದರು ಎಂಬುದು ಅವರವರ ಮನೆಯವರಿಗಿಂತ ಮೊದಲು ಇವನಿಗೆ ತಿಳಿಯುತ್ತಿತ್ತು. ಮೂಲೆಯ ಸ್ಟೂಲಿನ ಮೇಲೆ ಕುಳಿತು ಅವನ ಹೆಂಡತಿ ಗುಂಡಿ ತೂರುವ ಕಾಜಾ ಹೊಲಿಯುತ್ತಿದ್ದಳು. ಮದುವೆಯಾಗಿ ಆರು ವರ್ಷ. ಅಂದಿನಿಂದ ಅಂಗಡಿಯ ಅರ್ಧ ಕೆಲಸ ಅವಳದೇ.

"ಏನೋ, ಪುರುಸೊತ್ತಿದೆಯಾ?" ಎನ್ನುತ್ತ ಮಾಸ್ಟರನ ಅಕ್ಕ ಒಳಗೆ ಬಂದಳು. ತಮ್ಮನಿಗಿಂತ ಹದಿನಾಲ್ಕು ವರ್ಷ ದೊಡ್ಡವಳು. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು. ಪ್ರೀತಿಯೂ ಜಾಸ್ತಿ, ಬಾಯಿಯೂ ಜಾಸ್ತಿ. ಗಿರಾಕಿ ಇದ್ದಾನೆ ಎಂಬ ಸಂಕೋಚವೂ ಇಲ್ಲದೆ ನಾದಿನಿಯ ಪಕ್ಕ ಕುಳಿತು ಶುರುಮಾಡಿದಳು.

"ಹದಿನೈದು ದಿನ ಬಿಟ್ಟು ಮಂಗಳವಾರಕ್ಕೆ ನಂಬರ್ ಸಿಕ್ಕಿದೆ ಕಣೇ. ಈ ಡಾಕ್ಟರಮ್ಮನ ಕೈಗುಣ ಬಹಳ ಚೆನ್ನಾಗಿದೆಯಂತೆ. ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಬಿಟ್ಟು ನೋಡ್ತಾರಂತೆ. ಏನು ಕೊರತೆ ಇದ್ರೂ ಸಿಕ್ಕಿಬೀಳುತ್ತೆ."

"ಆಗಲಿ ಅತ್ತಿಗೆ," ಎಂದು ಅವಳು ತಲೆ ಎತ್ತದೆ ದಾರ ಕಚ್ಚಿ ಕಡಿದಳು.

ಇವರು ಐದನೇ ಡಾಕ್ಟರು. ಆರು ವರ್ಷದಲ್ಲಿ ಅವಳ ಫೈಲು ದಪ್ಪವಾಗಿ ಇಸ್ತ್ರಿಪೆಟ್ಟಿಗೆಯಷ್ಟು ತೂಕ ಬಂದಿತ್ತು. ರಕ್ತ, ಸ್ಕ್ಯಾನು, ಎಕ್ಸ್‌ರೇ, ಮತ್ತೆ ರಕ್ತ. ಎಲ್ಲದರಲ್ಲೂ 'ಸರಿಯಾಗಿದೆ' ಎಂದೇ ಬರೆದಿತ್ತು. ಹಿಂದಿನ ನಾಲ್ವರೂ ಮೊದಲ ದಿನವೇ ಚೀಟಿ ಬರೆದುಕೊಟ್ಟಿದ್ದರು: ಗಂಡನ ಪರೀಕ್ಷೆಯನ್ನೂ ಮಾಡಿಸಿ. ಆ ಚೀಟಿಗಳೆಲ್ಲ ಮಾಸ್ಟರನ ಜೇಬು ಸೇರಿ, ಅಲ್ಲಿಂದ ಬಟ್ಟೆಯ ಚಿಂದಿಗಳ ಜೊತೆ ಕಸಕ್ಕೆ ಹೋಗಿದ್ದವು. "ನನಗೇನಾಗಿದೆ? ಕಲ್ಲುಗುಂಡಿನ ಹಾಗಿದೀನಿ," ಎನ್ನುತ್ತಿದ್ದ ಅವನು. "ನಮ್ಮ ವಂಶದ ಗಂಡಸರಿಗೆ ಯಾವ ಕೊರತೆಯೂ ಇಲ್ಲ," ಎಂದು ಅಕ್ಕ ದನಿಗೂಡಿಸುತ್ತಿದ್ದಳು. ಚೀಟಿಯ ಬಗ್ಗೆ ಎರಡನೇ ಸಲ ಕೇಳಿದ ಡಾಕ್ಟರನ್ನು ಇವರು ಬದಲಿಸಿಬಿಡುತ್ತಿದ್ದರು.

ಆ ಶನಿವಾರ ಮಾಸ್ಟರ್ ಲೈನಿಂಗ್ ಬಟ್ಟೆ ತರಲು ಪೇಟೆಗೆ ಹೋಗಿದ್ದ. ಬಸ್ ಡ್ರೈವರೊಬ್ಬ ಓಡೋಡಿ ಬಂದು, ಸೋಮವಾರ ಸಮವಸ್ತ್ರದ ತಪಾಸಣೆಯಿದೆ, ಪ್ಯಾಂಟು ಹರಿದಿದೆ, ಹೇಗಾದರೂ ಮಾಡಿ ಹೊಸದೊಂದು ಹೊಲಿದುಕೊಡಿ ಎಂದು ಗೋಗರೆದ. ಗಂಡಸರ ಅಳತೆ ತೆಗೆಯುವುದು ಮಾಸ್ಟರನ ಕೆಲಸ, ಹಾಗಾಗಿ ಹೆಂಡತಿ ಗಂಡನಿಗೆ ಫೋನ್ ಮಾಡಿದಳು.

"ಅಯ್ಯೋ, ಅವನದ್ದೂ ನನ್ನದೂ ಒಂದೇ ಸೊಂಟ, ಒಂದೇ ಉದ್ದ. ನನ್ನ ಕಂದು ಪ್ಯಾಂಟು ಮೇಲಿಟ್ಟು ಗೆರೆ ಎಳೆದು ಕತ್ತರಿಸು," ಎಂದ ಮಾಸ್ಟರ್. ಪೇಟೆಯ ಗದ್ದಲದಲ್ಲಿ ಅವನಿಗೆ ಬೇರೇನೂ ನೆನಪಾಗಲಿಲ್ಲ.

ಭಾನುವಾರ ಮಧ್ಯಾಹ್ನ ಮಾಸ್ಟರ್ ಹೊರಗೆ ಹೋಗಿದ್ದಾಗ ಡ್ರೈವರು ಹೊಸ ಪ್ಯಾಂಟು ತೊಟ್ಟೇ ವಾಪಸ್ಸು ಬಂದ. "ಅಮ್ಮಾವ್ರೇ, ಬಲಗಾಲು ಸರಿಯಾಗಿದೆ. ಎಡಗಾಲಿನ ಸಂದಿಯಲ್ಲಿ ಇನ್ನೊಬ್ಬ ಪ್ಯಾಸೆಂಜರ್ ಹತ್ತಿಸಬಹುದು, ನೋಡಿ!"

ಅವಳು ನಕ್ಕು, ಕ್ಷಮೆ ಕೇಳಿ, ಒಳಗಿನ ಹೊಲಿಗೆ ಬಿಚ್ಚಿ ಸರಿಮಾಡಿ ಕಳಿಸಿದಳು. ಆದರೆ ಮನಸ್ಸು ಕೊರೆಯತೊಡಗಿತು. ಕೈ ತಪ್ಪಿದರೆ ಒಂದು ನೂಲು ತಪ್ಪಬಹುದು. ಕಾಲು ಕೂಡುವ ಜಾಗದಲ್ಲಿ ಎಡಕ್ಕೆ ಆರು ನೂಲು ಹೆಚ್ಚಾಗುವುದು ಹೇಗೆ? ಗಂಡನ ಕಂದು ಪ್ಯಾಂಟನ್ನು ಮಗುಚಿ ಟೇಪು ಹಿಡಿದಳು. ಅಲ್ಲೂ ಆರು ನೂಲು. ಮನೆಗೆ ಹೋಗಿ ಟ್ರಂಕಿನ ತಳದಿಂದ ಅವನ ಹಳೆಯ ಪ್ಯಾಂಟುಗಳನ್ನೆಲ್ಲ ಹೊರಗೆಳೆದಳು. ಮದುವೆಯ ವರ್ಷದ ಕಪ್ಪು ಪ್ಯಾಂಟಿನಲ್ಲಿ ಎರಡು ನೂಲು, ಅದರ ನಂತರದ ಬೂದು ಬಣ್ಣದ್ದರಲ್ಲಿ ಮೂರು, ಆಮೇಲಿನ ನೀಲಿಯದರಲ್ಲಿ ನಾಲ್ಕೂವರೆ. ಒಂದು ನೂಲಿಗೆ ಪ್ರಾಣ ಬಿಡುವ ಮನುಷ್ಯ ಇದನ್ನು ಕೈತಪ್ಪಿ ಮಾಡಿರಲು ಸಾಧ್ಯವೇ ಇರಲಿಲ್ಲ.

ಸಂಜೆ ಗಿರಾಕಿಗಳು ಹೋದ ಮೇಲೆ ಅವಳು ನಾಲ್ಕೂ ಪ್ಯಾಂಟುಗಳನ್ನು ಕಟಿಂಗ್ ಮೇಜಿನ ಮೇಲೆ ಸಾಲಾಗಿ ಹರಡಿದಳು.

"ರೀ, ಇದೇನು?"

"ಏನು? ಪ್ಯಾಂಟು."

"ಎಡಗಾಲು ವರ್ಷ ವರ್ಷ ಬೆಳೀತಿದೆ."

"ಅದು... ಅದು ನನ್ನ ಕಟಿಂಗ್ ಸ್ಟೈಲು ಕಣೇ. ಗಾಳಿ ಆಡಲಿ ಅಂತ."

"ಬಲಗಾಲಿಗೆ ಗಾಳಿ ಬೇಡ್ವಾ?"

ಮಾಸ್ಟರ್ ಇದ್ದಬದ್ದ ಧೈರ್ಯವೆಲ್ಲ ಸೇರಿಸಿಕೊಂಡು, ಕತ್ತರಿಯನ್ನೇ ನೋಡುತ್ತ ಹೇಳಿದ. ಇಪ್ಪತ್ತರ ವಯಸ್ಸಿನಿಂದಲೂ ಎಡಬದಿಯ ವೃಷಣದ ಮೇಲೆ ನೂಲಿನ ಗಂಟಿನಂತೆ ಏನೋ ಕೈಗೆ ಸಿಗುತ್ತದೆ. ದಿನವಿಡೀ ಮೇಜಿನ ಮುಂದೆ ನಿಂತರೆ ಸಂಜೆಗೆ ಭಾರ, ಎಳೆತ. ಮಲಗಿದರೆ ಎಲ್ಲ ಇಳಿದುಹೋಗುತ್ತದೆ. ನಿಂತು ಕೆಲಸ ಮಾಡುವವರಿಗೆಲ್ಲ ಹೀಗೇ ಇರಬೇಕು ಅಂದುಕೊಂಡ. ಬಟ್ಟೆ ಬಿಗಿಯಾದಾಗಲೆಲ್ಲ ಒಂದೊಂದು ನೂಲು ಬಿಟ್ಟುಕೊಂಡ, ಅಷ್ಟೆ. ಕಾಯಿಲೆಗೆ ದರ್ಜಿ ಮಾಡಬಹುದಾದ ಔಷಧವನ್ನು ಅವನು ಮಾಡಿದ್ದ.

"ಅದಕ್ಕೇ ದೀಪ ಆರಿಸದೆ ಬಟ್ಟೆ ಬದಲಾಯಿಸಿದವರಲ್ಲ ನೀವು! ನಾನು ಪಾಪ, ನಾಚಿಕೆ ಸ್ವಭಾವ ಅಂದ್ಕೊಂಡಿದ್ದೆ," ಎಂದಳು ಅವಳು. "ಡಾಕ್ಟರಿಗೆ ತೋರಿಸೋಣ."

"ಹುಚ್ಚಾ ನಿನಗೆ? ಇಂಥದ್ದನ್ನ ಯಾರ ಮುಂದೆ ಬಿಚ್ಚಿ ತೋರಿಸಲಿ?"

"ದಿನಕ್ಕೆ ಹತ್ತು ಗಂಡಸರ ತೊಡೆ ಅಳೀತೀರಿ, ಅವರಿಗಿಲ್ಲದ ನಾಚಿಕೆ ನಿಮಗ್ಯಾಕೆ?"

"ಅದು ಬೇರೆ, ಇದು ಬೇರೆ. ನಾಳೆ ಏನಾದ್ರೂ ಕಡಿಮೆ ಅಂತ ಬರೆದುಕೊಟ್ರೆ? ಬೀದಿಯಲ್ಲಿ ತಲೆ ಎತ್ತಿ ಓಡಾಡೋದು ಹೇಗೆ? ಇವನು ಗಂಡಸೇ ಅಲ್ಲ ಅಂತಾರೆ."

ಅವಳು ಪ್ಯಾಂಟುಗಳನ್ನು ಒಂದೊಂದಾಗಿ ಮಡಿಸತೊಡಗಿದಳು. "ಆರು ವರ್ಷದಿಂದ ನನಗೇನಂತಾರೆ, ಕೇಳಿದೀರಾ? ನಾಮಕರಣಕ್ಕೆ ಕರೆದ್ರೆ ಮಗೂನ ನನ್ನ ಕೈಗೆ ಕೊಡಲ್ಲ. ಎಷ್ಟು ಜನ ನನ್ನ ಹೊಟ್ಟೆ ಒತ್ತಿ ನೋಡಿದ್ರು, ಎಷ್ಟು ಸೂಜಿ ಚುಚ್ಚಿದ್ರು. ನಾನು ತಲೆ ಎತ್ತಿ ಓಡಾಡೋದು ಹೇಗೆ ಅಂತ ನೀವು ಒಂದ್ಸಲನಾದ್ರೂ ಕೇಳಿದ್ರಾ?"

ಅವಳು ಹಿಂದೆಂದೂ ಹೀಗೆ ಮಾತಾಡಿದವಳಲ್ಲ. ಮಾಸ್ಟರ್ ಕೊನೆಯ ಪ್ಯಾಂಟನ್ನು ತಾನೇ ಮಡಿಸಿಟ್ಟು, "ನಾಳೆ ಎಷ್ಟು ಗಂಟೆಗೆ ಹೋಗೋಣ?" ಎಂದ.

ಮೂತ್ರರೋಗ ತಜ್ಞರು ನಗುಮುಖದವರು. ಮಾಸ್ಟರನನ್ನು ನಿಲ್ಲಿಸಿಯೇ ಪರೀಕ್ಷಿಸಿ, ಉಸಿರು ಬಿಗಿಹಿಡಿದು ಮುಕ್ಕಲು ಹೇಳಿದರು. ಎರಡು ನಿಮಿಷವೂ ಆಗಲಿಲ್ಲ. ಇದಕ್ಕೇನಾ ನಾನು ಹದಿನಾರು ವರ್ಷ ಹೆದರಿದ್ದು ಎಂದು ಅವನಿಗೇ ಪಿಚ್ಚೆನಿಸಿತು.

"ಯಾವಾಗಿನಿಂದ ಇದೆ?"

"ಇಪ್ಪತ್ತರಲ್ಲಿ ಒಂದು ನೂಲು ಸಾರ್. ಮೂವತ್ತಕ್ಕೆ ಎರಡು. ಈಗ ಮೂವತ್ತಾರಕ್ಕೆ ಆರು."

ಡಾಕ್ಟರು ಕಣ್ಣು ಕಣ್ಣು ಬಿಟ್ಟರು. ಹೆಂಡತಿ ಪ್ಯಾಂಟಿನ ಕತೆ ಬಿಡಿಸಿ ಹೇಳಿದಾಗ ಅವರಿಗೆ ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು. "ಇಷ್ಟು ಕರಾರುವಾಕ್ಕಾಗಿ ಯಾರೂ ನನಗೆ ಕಾಯಿಲೆಯ ಚರಿತ್ರೆ ಹೇಳಿರಲಿಲ್ಲ ಮಾರಾಯ್ರೇ!"

ಆಮೇಲೆ ಸಾವಧಾನವಾಗಿ ತಿಳಿಸಿದರು. ಇದರ ಹೆಸರು ವೆರಿಕೋಸೀಲ್. ಕೆಲವರಿಗೆ ಕಾಲಿನಲ್ಲಿ ರಕ್ತನಾಳ ಉಬ್ಬಿಕೊಳ್ಳುವುದಿಲ್ಲವೇ, ಹಾಗೆಯೇ ಇದು ವೃಷಣದ ಚೀಲದಲ್ಲಿ. ರಕ್ತ ಮೇಲಕ್ಕೆ ಹೋಗಬೇಕು, ಹಿಂದಕ್ಕೆ ಇಳಿಯಬಾರದು ಎಂದು ಆ ನಾಳಗಳಲ್ಲಿ ಸಣ್ಣ ಸಣ್ಣ ಕವಾಟಗಳಿರುತ್ತವೆ. ಅವು ಸಡಿಲವಾದರೆ ರಕ್ತ ಅಲ್ಲೇ ನಿಂತು ನಾಳ ಉಬ್ಬುತ್ತದೆ. ಹೆಚ್ಚಾಗಿ ಎಡಗಡೆಯೇ ಹೀಗಾಗುವುದು. ಜಾಗ ಬಿಸಿಯಾಗುತ್ತದೆ, ಆ ಬಿಸಿಯಲ್ಲಿ ವೀರ್ಯಾಣುಗಳು ಸೊರಗುತ್ತವೆ.

"ನೂರರಲ್ಲಿ ಹದಿನೈದು ಗಂಡಸರಿಗಾದ್ರೂ ಇದು ಇರುತ್ತೆ. ಬಹಳಷ್ಟು ಜನಕ್ಕೆ ಏನೂ ತೊಂದರೆ ಕೊಡಲ್ಲ, ಮಕ್ಕಳೂ ಆಗಿರ್ತಾವೆ. ಕೆಲವರಿಗೆ ತೊಂದರೆ. ನಿಮ್ಮದು ಯಾವುದು ಅಂತ ಪರೀಕ್ಷೆ ಹೇಳುತ್ತೆ."

"ಇದರಿಂದ ಸಾರ್... ಅಂದ್ರೆ... ಗಂಡಸ್ತನಕ್ಕೆ..."

"ಅದಕ್ಕೂ ಇದಕ್ಕೂ ಸಂಬಂಧ ಕಟ್ಟಬೇಡಿ. ಪೈಪಿನಲ್ಲಿ ಕವಾಟ ಕೆಟ್ರೆ ಮನೆ ಯಜಮಾನನ ಮರ್ಯಾದೆ ಹೋಯ್ತು ಅಂತೀರಾ?"

ವಾರದೊಳಗೆ ಸ್ಕ್ಯಾನೂ ಆಯಿತು, ವೀರ್ಯ ಪರೀಕ್ಷೆಯೂ ಆಯಿತು. ವೀರ್ಯಾಣುಗಳ ಸಂಖ್ಯೆ ಇರಬೇಕಾದ್ದಕ್ಕಿಂತ ಬಹಳ ಕಡಿಮೆಯಿತ್ತು. ಇನ್ನೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳೋಣ ಎಂದರು ಡಾಕ್ಟರು. ಆಗಲೂ ಹೀಗೇ ಬಂದರೆ ಸಣ್ಣ ಶಸ್ತ್ರಚಿಕಿತ್ಸೆ, ಸಾಮಾನ್ಯವಾಗಿ ಅದೇ ದಿನ ಮನೆಗೆ. ಫಲ ಕಾಣಲು ಮೂರರಿಂದ ಆರು ತಿಂಗಳು ಬೇಕು. ಬಹಳ ಜನರಿಗೆ ಸುಧಾರಿಸುತ್ತದೆ, ಎಲ್ಲರಿಗೂ ಎಂದು ಮಾತು ಕೊಡಲಾಗದು. ನಂತರ ಹೆಂಡತಿಯ ದಪ್ಪ ಫೈಲನ್ನು ಕೊನೆಯ ಹಾಳೆಯವರೆಗೂ ತಿರುವಿ, "ಇವರ ಹೊಟ್ಟೆಗೆ ತೂತು ಮಾಡೋಕೆ ಈಗ ಯಾವ ಅವಸರವೂ ಇಲ್ಲ. ಆ ಡಾಕ್ಟರಿಗೂ ಈ ರಿಪೋರ್ಟ್ ತೋರಿಸಿ, ಅವರೂ ಅದನ್ನೇ ಹೇಳ್ತಾರೆ," ಎಂದರು.

ಮಾಸ್ಟರ್ ಮನೆಯ ಬಾಗಿಲಲ್ಲಿ ಮೆಲ್ಲಗೆ ಅಂದ: "ಆಪರೇಷನ್ ಬೇಕಾದ್ರೆ ಮಾಡಿಸ್ಕೊಳ್ತೀನಿ. ಆದ್ರೆ ಅಕ್ಕನಿಗೆ ಹೇಳೋದು ಬೇಡ ಕಣೇ. ಡಾಕ್ಟರಮ್ಮ ಊರಲ್ಲಿಲ್ಲ ಅಂತ ಏನಾದ್ರೂ ಒಂದು ನೆಪ ಹೇಳು."

"ನಾನಾಗಿ ಏನೂ ಹೇಳಲ್ಲ," ಎಂದಳು ಹೆಂಡತಿ. "ಸುಳ್ಳೂ ಹೇಳಲ್ಲ. ಅವರು ಬಾ ಅಂದ್ರೆ ಹೊರಡ್ತೀನಿ."

ಮಂಗಳವಾರ ಬಂದೇಬಿಟ್ಟಿತು. ಅಂಗಡಿಯ ಬೆಂಚಿನ ಮೇಲೆ ಮೂವರು ಗಿರಾಕಿಗಳು ಕುಳಿತಿದ್ದರು. ಅಕ್ಕ ಒಂದು ಕೈಯಲ್ಲಿ ಫ್ಲಾಸ್ಕು, ಇನ್ನೊಂದರಲ್ಲಿ ದಿಂಬು ಹಿಡಿದು ಯುದ್ಧಕ್ಕೆ ಹೊರಟವಳಂತೆ ಬಂದಳು.

"ಎದ್ದೇಳಮ್ಮ, ಹೊತ್ತಾಯ್ತು. ಇವತ್ತು ನಿನ್ನದೊಂದು ಮುಗಿದ್ರೆ ಮುಂದಿನ ವಾರ ನನ್ನ ಸೊಸೆಗೂ ಅಲ್ಲೇ ನಂಬರ್ ತಗೊಳ್ತೀನಿ. ಅವಳು ಬಂದು ಎರಡು ವರ್ಷ ಆಯ್ತು, ಇನ್ನೂ ಏನೂ ಸುದ್ದಿಯಿಲ್ಲ. ಈಗಿನ ಹುಡುಗಿಯರಿಗೆ ಏನಾಗಿದೆಯೋ!"

ನಾದಿನಿ ಎದ್ದು ಚೀಲ ಹೆಗಲಿಗೇರಿಸಿದಳು. ಗಂಡನ ಕಡೆ ನೋಡಲಿಲ್ಲ. ಅಕ್ಕ ಅವಳ ಬೆನ್ನು ಸವರಿ, ಅಂತಃಕರಣದಿಂದಲೇ ಹೇಳಿದಳು: "ಹೆದರಬೇಡ ಕಣೇ. ಪುಣ್ಯ ಮಾಡಿದ್ದೆ, ನನ್ನ ತಮ್ಮ ದೇವರಂಥವನು. ಬೇರೆಯವನಾಗಿದ್ರೆ ಇಷ್ಟು ಹೊತ್ತಿಗೆ ಇನ್ನೊಂದು ಮದುವೆ ಆಗಿರ್ತಿದ್ದ."

ಮಾಸ್ಟರನ ಕತ್ತರಿ ಬಟ್ಟೆಯ ನಡುವೆಯೇ ನಿಂತಿತು. ಆ ಮಾತು ಚಾಟಿಯೇಟಿನಂತೆ ಅವನ ಮುಖಕ್ಕೆ ಬಿತ್ತು. ಬೆಂಚಿನ ಮೂವರನ್ನು ನೋಡಿದ. ಮೂವರಿಗೂ ಬಾಯಿ ದೊಡ್ಡದು, ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ. ಚೀಲ ಹೊತ್ತು ನಿಂತ ಹೆಂಡತಿಯನ್ನು ನೋಡಿದ.

"ಅಕ್ಕಾ, ದೇವರಂಥವನು ಅಂತ ಇನ್ನೊಂದ್ಸಲ ಅನ್ನಬೇಡ. ಅವಳು ಎಲ್ಲಿಗೂ ಬರಲ್ಲ. ಅವಳಲ್ಲಿ ಯಾವ ಕೊರತೆಯೂ ಇಲ್ಲ. ತೊಂದರೆ ಇರೋದು ನನ್ನಲ್ಲಿ. ಪರೀಕ್ಷೆ ಮಾಡಿಸ್ಕೊಂಡು ಬಂದೆ. ಆಪರೇಷನ್ ಆದ್ರೆ ನನಗೆ."

ಬೆಂಚಿನ ಮೂವರೂ ಏಕಕಾಲಕ್ಕೆ ಚಾವಣಿಯ ಫ್ಯಾನಿನಲ್ಲಿ ಆಸಕ್ತಿ ತಳೆದರು.

"ಏನೋ ಹಾಗಂದ್ರೆ? ನಿನಗೇನೋ ಆಗಿರೋದು?" ಎಂದಳು ಅಕ್ಕ.

ಮಾಸ್ಟರ್ ಮುಚ್ಚಿಡದೆ ಹೇಳಿದ. ಉಬ್ಬಿದ ನಾಳ, ಸಡಿಲವಾದ ಕವಾಟ, ಕಡಿಮೆಯಾದ ಎಣಿಕೆ, ತಾನು ಕಸಕ್ಕೆ ಎಸೆದ ನಾಲ್ಕು ಚೀಟಿ. ಹೇಳುತ್ತ ಹೇಳುತ್ತ ಹದಿನಾರು ವರ್ಷದ ಭಾರ ಇಳಿದಂತೆ ಹಗುರಾದ. "ಮೊದಲ ಚೀಟಿಗೇ ನಾನು ಹೋಗಿದ್ರೆ ಇವಳಿಗೆ ಅಷ್ಟು ಸೂಜಿ ಚುಚ್ಚೋದು ತಪ್ಪುತ್ತಿತ್ತು. ತಪ್ಪು ನನ್ನದು ಅಕ್ಕ," ಎಂದಾಗ ಅವನ ಕಣ್ಣು ತುಂಬಿತ್ತು.

ಅಕ್ಕ ದಿಂಬನ್ನು ಅಪ್ಪಿಕೊಂಡು ಕುಳಿತಳು. ನಾದಿನಿಯ ಕೈ ಹಿಡಿದು, "ಅಲ್ವೇ, ಆರು ವರ್ಷ ಬಾಯಿಗೆ ಬಂದಿದ್ದೆಲ್ಲ ಅಂದೆ. ನೀನಾದ್ರೂ ಒಂದು ಎದುರು ಮಾತಾಡಬಾರದಿತ್ತೇನೇ?" ಎಂದಳು.

"ನೀವು ಉಸಿರಾಡೋಕೆ ನಿಲ್ಲಿಸಿದ್ರೆ ತಾನೇ ಅತ್ತಿಗೆ, ನಾನು ಮಾತಾಡೋದು!"

ಬೆಂಚಿನ ಮೂವರಿಗೂ ಇನ್ನು ತಡೆಯಲಾಗಲಿಲ್ಲ. ಒಬ್ಬ ಕಿಸಕ್ಕನೆ ನಕ್ಕ, ಉಳಿದಿಬ್ಬರು ಸೇರಿಕೊಂಡರು. ಅಕ್ಕನೂ ಅಳುತ್ತಲೇ ನಕ್ಕಳು. ಮೂಗು ಒರೆಸಿಕೊಂಡು, ಫೋನ್ ತೆಗೆದು, ಎಂದಿನ ತನ್ನ ಗಂಟಲಿನಲ್ಲೇ ಮಗನಿಗೆ ಕೂಗಿ ಹೇಳಿದಳು:

"ಲೋ, ಮುಂದಿನ ವಾರ ಒಂದು ದಿನ ಕೆಲಸಕ್ಕೆ ರಜೆ ಹಾಕು. ಆಸ್ಪತ್ರೆಗೆ ಹೋಗಬೇಕು... ಅವಳು ಯಾಕೋ? ಅವಳು ಮನೆಯಲ್ಲಿ ಹಾಯಾಗಿರಲಿ. ಮೊದಲು ನೀನು ಬಾ."

ದರ್ಜಿಯ ಹೆಂಡತಿ ಹೆಗಲಿನ ಚೀಲ ಇಳಿಸಿ, ಅತ್ತಿಗೆಯ ಎದುರಲ್ಲೇ ಮೊದಲ ಬಾರಿಗೆ ಗಟ್ಟಿಯಾಗಿ ನಕ್ಕಳು.