ಮುಂಚಿನ ರುಚಿ ಇಲ್ಲ

ಯಶವಂತಪುರದ ಮಾರ್ಕೆಟ್ ಯಾರ್ಡಿನಲ್ಲಿ ಪಂಚಪ್ಪನ ಮೂಗು ಅಂದರೆ ಅದಕ್ಕೊಂದು ಮರ್ಯಾದೆ ಇತ್ತು. ಧಾರವಾಡದ ಕಡೆಯಿಂದ ಬಂದು ಜಿಯಾವುಲ್ಲಾ ಸಾಹೇಬರ ಆಲೂಗೆಡ್ಡೆ ಮಂಡಿ ಸೇರಿದವನು, ಮೂವತ್ತು ವರ್ಷಕ್ಕೂ ಮೇಲೆ ಅಲ್ಲಿ ಬಂದ ಮಾಲು ನೋಡುವುದೇ ಅವನ ಕೆಲಸವಾಗಿತ್ತು. ಮೂಟೆಯೊಳಗೆ ಕೈ ಹಾಕಿ ಒಂದು ಗೆಡ್ಡೆ ತೆಗೆದು, ಉಗುರಿನಿಂದ ಗೀರಿ, ಮೂಗಿಗೆ ಹಿಡಿದು ಒಮ್ಮೆ ಉಸಿರೆಳೆದರೆ ತೀರ್ಪು ಬಿತ್ತು ಅಂತಲೇ ಅರ್ಥ. ಕೋಲ್ಡ್ ಸ್ಟೋರೇಜಿನಲ್ಲಿ ತಿಂಗಳುಗಟ್ಟಲೆ ಮಲಗಿದ್ದ ಹಳೇ ಗೆಡ್ಡೆಗೆ ಕೆಮ್ಮಣ್ಣು ಬಳಿದು, ಈಗಷ್ಟೇ ಕಿತ್ತದ್ದು ಅಂತ ತಂದು ಸುರಿಯುವ ಪುಣ್ಯಾತ್ಮರು ಆಗಲೂ ಇದ್ದರು, ಈಗಲೂ ಇದ್ದಾರೆ. ಅಂಥವರು ಪಂಚಪ್ಪ ಯಾವತ್ತು ರಜೆ ಅಂತ ಕೇಳಿಕೊಂಡು ಲಾರಿ ತರುತ್ತಿದ್ದರು. "ಮಣ್ಣು ಬಳಿದ್ರಿ ಸರಿ, ವಾಸನಿ ಎಲ್ಲಿಂದ ತರ್ತೀರಿ?" ಅಂತ ಅವನು ಗೆಡ್ಡೆಯನ್ನು ವಾಪಸು ಮೂಟೆಗೆ ಎಸೆದರೆ ಎದುರು ಮಾತಾಡುವ ಗಂಡಸು ಆ ಸಾಲಿನಲ್ಲಿರಲಿಲ್ಲ.

ಅಂಥ ಮೂಗು ಕೊರೊನಾ ಜ್ವರದಲ್ಲಿ ಹೋಯಿತು. ಊರಿಗೆಲ್ಲ ಹೋಗಿತ್ತು, ಊರಿಗೆಲ್ಲ ತಿಂಗಳೊಪ್ಪತ್ತಿನಲ್ಲಿ ತಿರುಗಿ ಬಂತು. ಇವನದು ಮಾತ್ರ ನಾಲ್ಕು ವರ್ಷವಾಗುತ್ತ ಬಂದರೂ ಬರಲಿಲ್ಲ. ಉಪ್ಪು, ಹುಳಿ, ಖಾರ ನಾಲಿಗೆಗೆ ತಾಗುತ್ತದೆ, ಅಷ್ಟೇ. ಕಣ್ಣು ಮುಚ್ಚಿ ಬಾಯಿಗೆ ಹಾಕಿದರೆ ಅದು ಆಲೂಗೆಡ್ಡೆಯೋ ಸುವರ್ಣಗೆಡ್ಡೆಯೋ ಅವನಿಗೆ ತಿಳಿಯದು. ಸುಸ್ತು ಅನ್ನುವ ನೆಪ ಹೇಳಿ ಮಂಡಿ ಬಿಟ್ಟ, ನಿಜವಾದ ಕಾರಣವನ್ನು ಒಬ್ಬರ ಮುಂದೂ ಬಾಯಿಬಿಡಲಿಲ್ಲ. ಕಾಲು ಮುರಿದುಕೊಂಡವನನ್ನು ಕಂಡರೆ ಜನ ಅಯ್ಯೋ ಅನ್ನುತ್ತಾರೆ. ಮೂಗು ಕಳಕೊಂಡ ಪಂಚಪ್ಪನನ್ನು ಕಂಡರೆ ಯಾರ್ಡಿಗೆ ಯಾರ್ಡೇ ನಗುತ್ತದೆ ಅನ್ನುವುದು ಅವನ ಹೆದರಿಕೆ. ಸಂಜಯನಗರದ ಮನೆಯಲ್ಲಿ ಅವನ ಜೊತೆ ಇರುವವಳು ಹೆಂಡತಿ ರತ್ನವ್ವ ಒಬ್ಬಳೇ. ಅವಳಿಗೂ ಹೇಳಲಿಲ್ಲ.

ಹೇಳದೆ ಮನೆಯಲ್ಲೇ ಇದ್ದುಬಿಟ್ಟಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಹೋದ ವರ್ಷ ಗುರುಚರಣ್ ಅನ್ನುವ ಹುಡುಗ ಮನೆ ಹುಡುಕಿಕೊಂಡು ಬಂದ. ಸಹಕಾರನಗರದಲ್ಲಿ ತರಕಾರಿಯ ದೊಡ್ಡ ಅಂಗಡಿ ತೆರೆದಿದ್ದ. ಬುಟ್ಟಿ, ಮಂದ ಬೆಳಕು, ಕಂದು ಕಾಗದದ ಚೀಲ, ಎಲ್ಲ ಪ್ರೀಮಿಯಂ. "ಅಂಕಲ್, ಜಿಯಾವುಲ್ಲಾ ಸರ್ ನಿಮ್ ಬಗ್ಗೆ ಹೇಳಿದ್ರು. ಬೆಳಿಗ್ಗೆ ಎರಡೇ ಗಂಟೆ ಬಂದು ಮಾಲು ನೋಡಿ ಸಾಕು. ನಿಮ್ ಮೂಗೇ ನಮ್ ಬ್ರ್ಯಾಂಡು" ಅಂದ. ಆ ಗಳಿಗೆಯಲ್ಲೇ ಒಲ್ಲೆ ಅನ್ನಬೇಕಿತ್ತು. ಆದರೆ ಅಂಥ ಮಾತು ಕಿವಿಗೆ ಬಿದ್ದು ಎಷ್ಟು ದಿನವಾಗಿತ್ತೋ ಏನೋ, ಹೂಂ ಅಂದುಬಿಟ್ಟ. ವಾರದೊಳಗೆ ಅಂಗಡಿಯ ಗೋಡೆಗೆ ಪಂಚಪ್ಪನ ಫೋಟೋ ಬಂತು. 'ನಮ್ಮ ಪಂಚಪ್ಪನವರು ಮೂಸಿ ಆರಿಸಿದ ಹೊಸ ಆಲೂಗೆಡ್ಡೆ' ಅಂತ ಕೆಳಗೆ ಬರೆಸಿದ್ದರು. ಅದನ್ನು ಮೊದಲ ಸಲ ಓದಿದಾಗ ಅವನಿಗೆ ಎದೆ ಉಬ್ಬಿತು, ಆಮೇಲೆ 'ಮೂಸಿ' ಅನ್ನುವ ಪದದ ಮೇಲೆ ಕಣ್ಣು ನಿಂತಿತು.

ಕೆಲಸ ಹೇಗೋ ನಡೆಯಿತು. ಹೊಸ ಗೆಡ್ಡೆಯ ಸಿಪ್ಪೆ ಹೆಬ್ಬೆರಳಿನಿಂದ ಉಜ್ಜಿದರೆ ಎದ್ದು ಬರುತ್ತದೆ, ಹಳೆಯದರದು ಬರುವುದಿಲ್ಲ. ಕಣ್ಣು ಕೈ ಎರಡೂ ಗಟ್ಟಿಯಾಗಿದ್ದವು. ಮೂಗಿಗೆ ಹಿಡಿಯುವುದನ್ನು ಮಾತ್ರ ನಾಟಕಕ್ಕೆ ಹಿಡಿಯುತ್ತಿದ್ದ. ಕಷ್ಟವಿದ್ದದ್ದು ಶನಿವಾರ. ಅವತ್ತು ಗುರುಚರಣ್ ಹೊಸ ಗೆಡ್ಡೆ ಬೇಯಿಸಿ, ಉಪ್ಪು ಮೆಣಸು ಉದುರಿಸಿ, ದೊನ್ನೆಯಲ್ಲಿಟ್ಟು ಗಿರಾಕಿಗಳಿಗೆ ಕೊಡಿಸುತ್ತಿದ್ದ. ಮೊದಲ ದೊನ್ನೆ ಪಂಚಪ್ಪನಿಗೆ. "ಟೇಸ್ಟ್ ಹೇಗಿದೆ ಅಂಕಲ್?"

ಹೇಗಿದೆ ಅಂತ ಹೇಳುವುದು! ಚೆನ್ನಾಗಿದೆ ಅಂದು, ಅದು ಕಹಿಯೋ ಮುಗ್ಗಲೋ ಆಗಿದ್ದರೆ ಮಾನ ಹೋಯಿತು. ಕೆಟ್ಟಿದೆ ಅಂದರೆ ಏನು ಕೆಟ್ಟಿದೆ ಅಂತ ಕೇಳುತ್ತಾರೆ. ಹಾಗೆ ತಡವರಿಸುತ್ತಿದ್ದಾಗ ಒಂದು ಶನಿವಾರ ಅವನ ಬಾಯಿಂದ ತಾನಾಗಿ ಬಂದ ಮಾತು ಇದು: "ಹೊಸಾದು ಖರೆ. ಆದ್ರ ಮುಂಚಿನ ರುಚಿ ಇಲ್ಲ ನೋಡು."

ಪಕ್ಕದಲ್ಲಿದ್ದ ಅಲಮೇಲು ಅನ್ನುವ ವಯಸ್ಸಾದ ಹೆಂಗಸು ತಕ್ಷಣ ತಲೆದೂಗಿದರು. "ಕರೆಕ್ಟಾಗ್ ಹೇಳಿದ್ರಿ ಕಣ್ರೀ! ನಮ್ಮಮ್ಮ ಹೊಸ ಆಲೂಗೆಡ್ಡೆ ಬೇಯಿಸಿದ್ರೆ ಘಮ ಪಕ್ಕದ್ಮನೆಗೆ ಹೋಗ್ತಿತ್ತು. ಈಗಿಂದು ಬರೀ ಹಿಟ್ಟು." ಹಾಗಂದವರು ಎರಡನೇ ದೊನ್ನೆ ಖಾಲಿ ಮಾಡುತ್ತಿದ್ದರು. ಅವರ ಹಿಂದಿದ್ದವರೂ ಹೌದು ಹೌದು ಅಂದರು. ಒಬ್ಬರು ಗೊಬ್ಬರವನ್ನು ಬೈದರು, ಇನ್ನೊಬ್ಬರು ಬೀಜವನ್ನು, ಮತ್ತೊಬ್ಬರು ಕಾಲವನ್ನೇ. ಪಂಚಪ್ಪ ಬೆರಗಾದ. ಪ್ರಪಂಚದಲ್ಲಿ ಯಾರೂ ಇಲ್ಲ ಅನ್ನದ ಮಾತೊಂದಿದ್ದರೆ ಅದು ಇದೇ. ನರೆತ ತಲೆಯವನೊಬ್ಬ ಹೇಳಿದರಂತೂ ಶಾಸನ. ಅಂದಿನಿಂದ ಅವನು ಆ ಮಾತಿನ ಹಿಂದೆ ಅಡಗಿ ಕೂತ.

ಸಂಕ್ರಾಂತಿ ಕಳೆದ ಮೇಲೆ ಮುನಿವೆಂಕಟಯ್ಯನ ಮಾಲು ಬಂತು. ದೇವನಹಳ್ಳಿ ಆಚೆಯವನು, ಯಾರ್ಡಿನ ಕಾಲದಿಂದ ಪಂಚಪ್ಪನಿಗೆ ಗೊತ್ತಿದ್ದವನು. ಒಂದು ದಿನಕ್ಕೂ ಮೂಟೆಯ ಮೇಲೆ ದಪ್ಪ, ಅಡಿಯಲ್ಲಿ ಸಣ್ಣ ಅಂತ ತುಂಬಿದವನಲ್ಲ. ಅವನನ್ನು ಗುರುಚರಣನಿಗೆ ಪರಿಚಯ ಮಾಡಿಸಿದವನೂ ಪಂಚಪ್ಪನೇ. ಆ ಶನಿವಾರವೂ ದೊನ್ನೆ ಕೈಗೆ ಬಂತು, ಅದೇ ಮಾತು ಬಾಯಿಗೆ ಬಂತು. ಗುರುಚರಣ್ ಈ ಸಲ ತಲೆದೂಗಿ ಬಿಡಲಿಲ್ಲ. "ಪ್ರತಿ ವಾರ ಇದೇ ಹೇಳ್ತಿದೀರಾ. ಪ್ರೀಮಿಯಂ ಅಂತ ಬೋರ್ಡ್ ಹಾಕ್ಕೊಂಡು ಟೇಸ್ಟೇ ಇಲ್ಲ ಅಂದ್ರೆ ಹೆಂಗೆ? ಈ ಪಾರ್ಟಿ ಬೇಡ ಬಿಡಿ ಅಂಕಲ್, ಬೇರೆ ಕಡೆ ನೋಡೋಣ" ಅಂದ.

ನಿಜ ಹೇಳಿಬಿಡೋಣ ಅಂತ ಪಂಚಪ್ಪ ತಲೆ ಎತ್ತಿದ. ಎದುರಿಗೆ ಗೋಡೆಯ ಮೇಲೆ ಅವನದೇ ಫೋಟೋ ನಗುತ್ತಿತ್ತು. "ನಿನ್ನ ಇಷ್ಟ ತಮ್ಮಾ" ಅಂದು ದೊನ್ನೆ ಕೆಳಗಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಅವತ್ತು ಆಡಿದ್ದೂ ತಪ್ಪು, ಆಡದೆ ಉಳಿಸಿಕೊಂಡದ್ದೂ ತಪ್ಪು.

ಎಂಟು ದಿನದ ಮೇಲೆ, ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ, ಮುನಿವೆಂಕಟಯ್ಯ ಮನೆಗೇ ಬಂದ. ಕೈಯಲ್ಲೊಂದು ಗೋಣಿಚೀಲ. ಬೈಯಲು ಬಂದಿದ್ದಾನೆ ಅಂದುಕೊಂಡ ಪಂಚಪ್ಪ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಜಗಳಕ್ ಬಂದಿಲ್ಲ ಕಣಣ್ಣ" ಅಂತ ಅವನು ಚಾಪೆಯ ಮೇಲೆ ಕೂತ. "ಒಂದ್ ಮಾತ್ ಕೇಳವಾ ಅಂತ ಬಂದೆ. ನೀನ್ ರುಚಿ ಇಲ್ಲ ಅಂದ್ಯಂತೆ. ಮನೇಲ್ ಬೇಯಿಸ್ಕೊಂಡ್ ತಿಂದೆ. ಮೊದಲ್ನೇ ದಿನ ಚೆಂದಾಗೇ ಇತ್ತು. ಪಂಚಪ್ಪಣ್ಣ ಸುಳ್ಳೇಳಲ್ವಲ್ಲ ಅಂತ ತಿರ್ಗಾ ತಿಂದೆ, ಒಸಿ ಸಪ್ಪೆ ಅನ್ನುಸ್ತು. ಮೂರ್ನೇ ದಿನ ನಂಗೆ ಏನೂ ಗೊತ್ತಾಗ್ಲಿಲ್ಲ. ನನ್ ನಾಲ್ಗೆನೇ ಕೆಟ್ಟೋಗೈತೋ, ಭೂಮಿನೇ ಕೆಟ್ಟೋಗೈತೋ. ಮಗ, ಆಲೂಗೆಡ್ಡೆ ಸವಾಸನೇ ಬ್ಯಾಡ ಬಿಡಪ್ಪ ಅಂತಾನೆ. ಬಿತ್ನೆ ಗೆಡ್ಡೆ ಬ್ಯಾಡ ಅಂತ ಯೋಳ್ಬಿಟ್ಟಿದೀನಿ. ಏನ್ ಕೆಟ್ಟೈತೆ ಅಂತ ಒಂದ್ ಮಾತ್ ಯೋಳ್ಬಿಡು. ನಮ್ಮಪ್ಪನ್ ಕಾಲ್ದಿಂದ ಬೆಳ್ದಿದೀವಿ, ಗೊತ್ತಾಗ್ದಂಗ್ ಬಿಟ್ಬುಟ್ರೆ ಜೀವ ತಡಿಯಾಕಿಲ್ಲ."

ಪಂಚಪ್ಪ ಬಾಯಿ ತೆರೆಯುವುದರೊಳಗೆ ರತ್ನವ್ವ ಒಳಗಿನಿಂದ ಬಂದು ಚೀಲ ಎತ್ತಿಕೊಂಡಳು. "ಕುತಗೋರಿ ಅಣ್ಣಾರ. ಕುದಿಸಿ ತರ್ತೀನಿ, ಮೂರೂ ಮಂದಿ ತಿಂದು ನೋಡೂಣು" ಅಂದಳು.

ಒಳಗೆ ಕುಕ್ಕರ್ ಮೂರು ಸಲ ಕೂಗಿತು. ರತ್ನವ್ವ ಬಿಸಿ ಗೆಡ್ಡೆಗಳನ್ನು ತಟ್ಟೆಗೆ ಸುರಿದು, ಒಡೆದು, ಮೇಲೆ ಉಪ್ಪು, ಒಂದು ಚಮಚ ತುಪ್ಪ ಹಾಕಿ ತಂದಿಟ್ಟಳು. ಮುನಿವೆಂಕಟಯ್ಯ ಒಂದು ತುಂಡು ಬಾಯಿಗಿಟ್ಟು, ಪರೀಕ್ಷೆಗೆ ಕೂತವನ ಹಾಗೆ ಪಂಚಪ್ಪನ ಮುಖ ನೋಡಿದ. ತನ್ನ ಬಾಯೊಳಗಿನ ರುಚಿಯನ್ನು ಇನ್ನೊಬ್ಬನ ಮುಖದಲ್ಲಿ ಹುಡುಕುತ್ತಿದ್ದ ಆ ಮನುಷ್ಯ. ಪಂಚಪ್ಪನೂ ಒಂದು ತುಂಡು ಹಾಕಿಕೊಂಡ. ಬಿಸಿ ಇತ್ತು. ಮೆತ್ತಗಿತ್ತು. ಉಪ್ಪಿತ್ತು. ಅದರಾಚೆ ಏನೂ ಇರಲಿಲ್ಲ.

"ಯೋಳಣ್ಣ" ಅಂದ ಮುನಿವೆಂಕಟಯ್ಯ. "ಸಪ್ಪೆನೇ ಅಲ್ವಾ?"

ಹೂಂ ಅಂದರೆ ಮುಗಿಯುತ್ತಿತ್ತು. ಅವನು ನಂಬಿಕೊಂಡು, ನಮಸ್ಕಾರ ಹೇಳಿ ಎದ್ದು ಹೋಗುತ್ತಿದ್ದ. ಅಷ್ಟು ನಂಬುವವನ ಮುಂದೆ ಇನ್ನೊಂದು ಸಲ ಸುಳ್ಳು ಹೇಳಲು ಪಂಚಪ್ಪನಿಂದ ಆಗಲಿಲ್ಲ. ಕಣ್ಣು ಕೆಳಗೆ ಹಾಕಿದ.

"ನನಗ ಮೂಗಿಲ್ಲೋ ಮುನಿವೆಂಕಟಯ್ಯಾ. ಆ ಜ್ವರದಾಗ ಹೋತು. ವಾಸನಿ ಇಲ್ಲ, ರುಚಿ ಇಲ್ಲ. ಇದು ಆಲೂಗಡ್ಡಿ ಅಂತ ಕಣ್ಣೀಲೆ ನೋಡಿ ತಿನ್ನಾಕತ್ತೀನಿ. ನಿನ್ನ ಮಾಲು ಹೆಂಗದ ಅಂತ ನನಗ ಅವತ್ತೂ ಗೊತ್ತಿರಲಿಲ್ಲ, ಇವತ್ತೂ ಗೊತ್ತಿಲ್ಲ. ಕುಣಿಲಾರದಾಕಿ ನೆಲ ಡೊಂಕು ಅಂದಳಂತ. ಹಂಗ ಅಂದೆ."

ಬಾಗಿಲ ಬಳಿ ನಿಂತಿದ್ದ ರತ್ನವ್ವ ಅಲುಗಾಡಲಿಲ್ಲ. ಮುನಿವೆಂಕಟಯ್ಯ ಹೆಗಲ ಟವೆಲು ತೆಗೆದು ಮುಖ ಒರೆಸಿಕೊಂಡ. ಬೆವರೇನೂ ಇರಲಿಲ್ಲ.

"ನಾನು ನನ್ ಭೂಮಿನೇ ಬೈದ್ನಲ್ಲಣ್ಣ" ಅಂದ ಕೊನೆಗೆ.

ಪಂಚಪ್ಪ ಅವನೆದುರಿಗೇ ಗುರುಚರಣನಿಗೆ ಫೋನು ಮಾಡಿದ. ಸುತ್ತಿ ಬಳಸಿ ಹೇಳಲಿಲ್ಲ. "ಅಯ್ಯೋ, ಏನಂಕಲ್ ಇದು... ಸರಿ, ಅವ್ರಿಗೆ ನಾಳೆನೇ ಲೋಡ್ ಕಳ್ಸೋಕ್ ಹೇಳಿ. ಇನ್ನು ನಿಮ್ ಬೋರ್ಡು..." ಅಂತ ಹುಡುಗ ತಡವರಿಸಿದ. "ತಗದುಬಿಡು ತಮ್ಮಾ, ಇವತ್ತ ತಗಿ" ಅಂದ ಪಂಚಪ್ಪ. ಮುನಿವೆಂಕಟಯ್ಯ ಹೋಗುವಾಗ ಕೈ ಮುಗಿಯಲಿಲ್ಲ. ಮೆಟ್ಟಿಲಿಳಿದು, ಏನೋ ನೆನಪಾದಂತೆ ತಿರುಗಿ, "ಡಾಕ್ಟ್ರಿಗ್ ತೋರ್ಸಣ್ಣ" ಅಂದು ಹೋದ.

ಬಾಗಿಲು ಹಾಕಿಕೊಂಡು ಬಂದಾಗ ಪಂಚಪ್ಪನಿಗೆ ಮೈ ಹಗುರವಾಗಿತ್ತು. ಹೋಗಬೇಕಾದದ್ದು ಹೋಯಿತು, ಇನ್ನು ಹೆದರುವುದಕ್ಕೇನಿದೆ ಅಂದುಕೊಂಡು ಕುರ್ಚಿಯಲ್ಲಿ ಕೂತ. ರತ್ನವ್ವ ತಟ್ಟೆಯ ಮುಂದೆ ನೆಲದ ಮೇಲೆ ಕೂತಿದ್ದಳು.

"ಅವರ ಆಲೂಗಡ್ಡಿ ಅವರಿಗೆ ತಿರುಗಿ ಕೊಟ್ರಿ" ಅಂದಳು. "ಛಲೋ ಮಾಡಿದ್ರಿ. ನಂದು?"

"ನಿಂದೇನು?"

"ನಂದೇನು ಅಂತೀರಿ?" ಅವಳ ದನಿ ಏರಲಿಲ್ಲ, ಅದಕ್ಕೇ ಅವನಿಗೆ ಹೆದರಿಕೆಯಾಯಿತು. "ನಾಕು ವರ್ಷ ಆತು. ಏನ್ ಮಾಡಿ ಬಡಿಸಿದ್ರೂ ಮೊದಲಿನಂಗ ಇಲ್ಲ ಅಂದ್ರಿ. ಪಲ್ಯಾ ಮೊದಲಿನಂಗ ಇಲ್ಲ, ಸಾರು ಮೊದಲಿನಂಗ ಇಲ್ಲ. ಕೈಯಾಗಿನ ರುಚಿ ಹೋತು ಅಂತ ನಾ ತಿಳಕೊಂಡೆ. ಪಲ್ಯಾ ಮಾಡಿ, ವಾಟಗದಾಗ ಹಾಕ್ಕೊಂಡು, ಮಗ್ಗಲ ಮನಿ ಗೋಪಾಲಮ್ಮಗ ತೋರಿಸಿ, ಆಕಿ ಅಡ್ಡಿಲ್ಲ ಅಂದ ಮ್ಯಾಲ ನಿಮಗ ಬಡಸ್ತಿದ್ದೆ. ಗೊತ್ತೇನು ನಿಮಗ? ಆಕಿ ಛಂದ ಐತಿ ಅಂದ್ರೂ ನಂಬಲಿಲ್ಲ ನಾನು. ಯಾರ್ಡಿಗೆ ರುಚಿ ಹೇಳೋ ಮನಿಶಾನ ಸರಿಯಿಲ್ಲ ಅಂತಾನ, ಆಕಿ ಮಾತೇನು ಅಂದೆ. ತಂಗಿ ಮೊಮ್ಮಗನ ತೊಟ್ಟಿಲಕ್ಕ ಹೋಳಿಗಿ ನೀನ ಮಾಡಬೇಕು ಅಂದ್ಲು. ಮೈಯಾಗ ಆರಾಮ ಇಲ್ಲ ಅಂತ ಸುಳ್ಳು ಹೇಳಿ ಇಲ್ಲೇ ಕುಂತೆ. ನಾಕು ಮಂದ್ಯಾಗ ಮಾನ ಹೋದೀತು ಅಂತ."

ಪಂಚಪ್ಪ ಒಂದು ಲೋಡು ಮಾಲಿನ ಬಗ್ಗೆ ಎಂಟು ದಿನ ನಿದ್ದೆಗೆಟ್ಟಿದ್ದ. ದಿನಕ್ಕೆ ಎರಡು ಹೊತ್ತು, ಒಬ್ಬಳೇ ಒಬ್ಬಳನ್ನು ಕೂರಿಸಿಕೊಂಡು, ತಾನು ಏನು ಮಾಡುತ್ತ ಬಂದೆ ಅನ್ನುವುದು ಅವನಿಗೆ ಹೊಳೆದೇ ಇರಲಿಲ್ಲ. ಕುರ್ಚಿಯಿಂದ ಇಳಿದು ಅವಳ ಎದುರಿಗೆ ನೆಲಕ್ಕೆ ಕೂತ.

"ತಪ್ಪಾತು ರತ್ನಾ" ಅಂದ. "ನಿನ್ನ ಕೈ ಕೆಟ್ಟಿಲ್ಲ. ಎಲ್ಲಾ ಛಲೋನ ಇತ್ತು."

"ನಿಮಗ ಹೆಂಗ ಗೊತ್ತು?" ಅಂದಳು ರತ್ನವ್ವ.

ಹೌದಲ್ಲ, ಅವನಿಗೆ ಹೇಗೆ ಗೊತ್ತು? ಬೈಯಲಿಕ್ಕೆ ಇರದ ಅಧಿಕಾರ ಹೊಗಳಲಿಕ್ಕೂ ಇರಲಿಲ್ಲ. ತನ್ನ ಹೆಂಡತಿಯ ಅಡಿಗೆ ಹೇಗಿದೆಯೋ ಅವನಿಗೆ ಗೊತ್ತಿರಲಿಲ್ಲ, ಇನ್ನು ಮುಂದೆ ಗೊತ್ತಾಗುವ ಹಾಗೂ ಕಾಣಲಿಲ್ಲ. ಅದನ್ನೇ ಹೇಳಿದ. "ಗೊತ್ತಿಲ್ಲ. ನನಗ ಗೊತ್ತಾಗಂಗಿಲ್ಲ." ಹೇಳುವಾಗ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲಿಲ್ಲ.

ರತ್ನವ್ವ ತಟ್ಟೆ ಹತ್ತಿರಕ್ಕೆ ಎಳೆದುಕೊಂಡಳು. ಗೆಡ್ಡೆ ಆಗಲೇ ಆರಿತ್ತು. ಒಂದು ತುಂಡು ತೆಗೆದು ಬಾಯಿಗಿಟ್ಟು, ಅವನ ಮುಖ ನೋಡದೆ, ಗೋಪಾಲಮ್ಮನ ಮನೆಯ ಕಡೆ ನೋಡದೆ, ಗೋಡೆಗೊರಗಿ ನಿಧಾನವಾಗಿ ಅಗಿದಳು. ಇನ್ನೊಂದು ತುಂಡು ತಿಂದಳು. ಅವಳ ಗಲ್ಲದ ಮೇಲೆ ನೀರಿಳಿಯುತ್ತಿತ್ತು, ಆದರೂ ಅಗಿಯುವುದನ್ನು ನಿಲ್ಲಿಸಲಿಲ್ಲ.

ಪಂಚಪ್ಪ ಏನೋ ಹೇಳಲು ಬಾಯಿ ತೆರೆದ. ಅವಳು ಕೈ ಎತ್ತಿ ತಡೆದಳು.

"ನೀವು ಹೇಳಬ್ಯಾಡ್ರಿ" ಅಂದಳು. "ನನಗ ಗೊತ್ತಾಗಾಕತ್ತೈತಿ."