ದೀಪಾಲಿ ಹಾಕಿಸಿದ ಸೂಜಿ

ಸೊಲ್ಲಾಪುರದ ಜೋಳದ ವ್ಯಾಪಾರಿ ಕಲ್ಯಾಣಪ್ಪನವರ ಹಿರಿಯ ಸೊಸೆ ಸಾರಿಕಾ. ಮಂಗಳವೇಢೆಯಿಂದ ಬಂದು ಹದಿನೇಳು ವರ್ಷ. ರೊಟ್ಟಿ ಬಡಿದವಳು, ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದವಳು ಅವಳೇ. ಮೂರು ವರ್ಷದ ಹಿಂದೆ ಅಕ್ಕಲಕೋಟೆಯಿಂದ ಕಿರಿಯ ಸೊಸೆಯಾಗಿ ದೀಪಾಲಿ ಬಂದಳು. ಫಾರ್ಮಸಿ ಓದಿ ಮೆಡಿಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಂದಿನಿಂದ ಅತ್ತೆ ಲೀಲಾಬಾಯಿಗೆ ಬಿಪಿ ಗುಳಿಗೆ ನುಂಗಬೇಕಾದರೂ ದೀಪಾಲಿಯೇ ಬೇಕು. ಅದೇ ಗುಳಿಗೆಯನ್ನು ವರ್ಷಗಟ್ಟಲೆ ಕೊಟ್ಟ ಸಾರಿಕಾಳ ನೆನಪು ಅವರಿಗೆ ಬರುತ್ತಿರಲಿಲ್ಲ.

ಜೂನ್‌ನಲ್ಲಿ ಒಂದು ದಿನ ದೀಪಾಲಿ ಅಂದಳು, "ಅತ್ತಿ, ಮಳಿಗಾಲ ಬಂತು. ನಿಮಗೂ ಮಾವಾರಿಗೂ ಫ್ಲೂ ಬರದಂಗ ತಡಿಯೂ ಸೂಜಿ ಹಾಕಿಸೋಣರಿ. ಅಕ್ಕಲಕೋಟದಾಗ ನಮ್ಮ ಕಾಕಾನ ದವಾಖಾನಿ ಐತಿ. ಗುರುವಾರ ಹೋದ್ರ ಅಲ್ಲೇ ಗುಡ್ಯಾಗ ಸ್ವಾಮಿಗಳ ದರ್ಶನನೂ ಆಗತೈತಿ."

"ಹೊಟ್ಟ್ಯಾಗ ಹುಟ್ಟಿದ ಮಗಳೂ ಇಷ್ಟು ಕಾಳಜಿ ಮಾಡೂದಿಲ್ಲ ನೋಡವ್ವ!" ಎಂದರು ಲೀಲಾಬಾಯಿ.

ಒಲೆಯ ಮುಂದಿದ್ದ ಸಾರಿಕಾಳ ಕೈಯಲ್ಲಿ ಹಿಟ್ಟು ಹಾಗೇ ಉಳಿಯಿತು. ಆಮೇಲೆ ರೊಟ್ಟಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಬಡಿದಳು.

ಬುಧವಾರ ಸಂಜೆ ಮಾವನಿಗೆ ಚಹಾ ಕೊಡುತ್ತ ಅವಳು, "ಮಾವಾರ, ಸೂಜಿ ಹಾಕಿಸ್ಕೊಂಡವರಿಗೇ ಜ್ವರ ಜಾಸ್ತಿ ಬರಾಕತ್ತೈತಂತರಿ. ನಮ್ಮೂರಾಗ ಒಬ್ಬರು ಹಾಸಿಗೀನ ಹಿಡದಾರ" ಎಂದಳು. ಅಂಥವರು ಯಾರೂ ಇರಲಿಲ್ಲ. ಮರುದಿನ ಕಲ್ಯಾಣಪ್ಪ, "ಅಂಗಡಿಗೆ ಮಾಲು ಬರೂದೈತಿ, ನೀವಿಬ್ಬರೂ ಹೋಗಿ ಬರ್ರಿ" ಎಂದುಬಿಟ್ಟರು. ದೀಪಾಲಿಯ ಮುಖ ಸಣ್ಣದಾಯಿತು. ಸಾರಿಕಾಗೆ ಅಂದಿನ ಊಟ ರುಚಿಸಿತು.

ಆಗಸ್ಟ್‌ನಲ್ಲಿ ಮೊದಲು ಲೀಲಾಬಾಯಿಗೆ ಜ್ವರ ಬಂತು. ಸಾರಿಕಾ ಸುಮ್ಮನಿರಲಿಲ್ಲ.

"ಅಷ್ಟು ದೂರ ಒಯ್ದು ಹಾಕಿಸಿದಿ. ಏನ ಉಪಯೋಗ ಆತವಾ ದೀಪಾಲಿ?"

ದೀಪಾಲಿ ಅತ್ತೆಯ ಹಣೆಯ ಮೇಲಿನ ಒದ್ದೆ ಬಟ್ಟೆ ಬದಲಿಸಿದಳು. ನಾಲ್ಕನೆಯ ದಿನ ಲೀಲಾಬಾಯಿ ಎದ್ದು ಕೂತು ಶುಂಠಿ ಚಹಾ ಕೇಳಿದರು. ಅಷ್ಟರಲ್ಲಿ ಜ್ವರ ಕಲ್ಯಾಣಪ್ಪನವರಿಗೆ ಅಂಟಿತ್ತು. ಎರಡು ದಿನ ಕೆಮ್ಮಿದರು. ಮೂರನೆಯ ದಿನ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಆಸ್ಪತ್ರೆಗೆ ಸೇರಿಸಿ ಆಕ್ಸಿಜನ್ ಹಚ್ಚಿದರು. ಪರೀಕ್ಷೆಯಲ್ಲಿ ಫ್ಲೂ ಎಂದೇ ಬಂತು.

ಸಾರಿಕಾ ಡಾಕ್ಟರರನ್ನು ಕೇಳಿದಳು, "ನಮ್ಮ ಅತ್ತಿ ಸೂಜಿ ಹಾಕಿಸ್ಕೊಂಡಿದ್ರು. ಆದ್ರೂ ಜ್ವರ ಬಂತಲ್ರಿ?"

"ಬರತೈತಿ ತಾಯಿ, ಪೂರಾ ತಪ್ಪೂದಿಲ್ಲ. ಆದ್ರ ಸೂಜಿ ಇಲ್ಲದ ವಯಸ್ಸಾದವರು ಹತ್ತು ಮಂದಿ ದವಾಖಾನಿ ಸೇರೂ ಕಡೆ, ಹಾಕಿಸ್ಕೊಂಡವರು ಆರು ಮಂದಿ ಸೇರತಾರ ಅಂತ ತಿಳ್ಕೋರಿ. ಒಂದೊಂದ ವರ್ಷ ಹೆಚ್ಚುಕಡಿಮಿ ಇರತೈತಿ."

"ಮಾವಾರೂ ಹಾಕಿಸ್ಕೊಂಡಿದ್ರ ಹಿಂಗ ಆಗ್ತಿರಲಿಲ್ಲೇನ್ರಿ?"

"ಖಾತ್ರಿ ಹೇಳಾಕ ಆಗೂದಿಲ್ಲ. ದವಾಖಾನಿ ತಪ್ಪಿದ ಆ ನಾಕು ಮಂದ್ಯಾಗ ಇವರೂ ಇರಬಹುದಿತ್ತು."

ಹೊರಗೆ ಬೆಂಚಿನ ಮೇಲೆ ದೀಪಾಲಿ ಊಟದ ಡಬ್ಬಿ ಹಿಡಿದು ಕೂತಿದ್ದಳು. ಸಾರಿಕಾ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಆ ಬುಧವಾರದ ಮಾತು, ಇಲ್ಲದ ರೋಗಿ, ಅತ್ತೆಯ ಹೊಗಳಿಕೆ ಕೇಳಿ ತನಗಾದ ಸಂಕಟ, ಯಾವುದನ್ನೂ ಮುಚ್ಚಿಡಲಿಲ್ಲ.

"ಅಕ್ಕಾ, ನನ್ನ ಮ್ಯಾಲ ಸಿಟ್ಟಿದ್ರ ನನಗ ಬೈಬೇಕಿತ್ತು. ಮಾವಾರ್‌ನ ಯಾಕ ನಡುವ ತಂದ್ರಿ?" ಎಂದು ದೀಪಾಲಿ ಎದ್ದು ಹೋದಳು.

ಒಂಬತ್ತನೆಯ ದಿನ ಕಲ್ಯಾಣಪ್ಪ ಸೊರಗಿ ಮನೆಗೆ ಬಂದರು. ಸಾರಿಕಾ ಅವರ ಮುಂದೆಯೂ ಒಪ್ಪಿಕೊಂಡಳು. ಅವರು ದಿಂಬಿಗೆ ಒರಗಿ ಕೂತರು.

"ನೀ ಸುಳ್ಳು ಹೇಳಿದ್ದು ತಪ್ಪ ಐತಿ. ಆದ್ರ ಸೂಜಿ ಅಂದ್ರ ನನಗ ಮೊದಲಿಂದ ಅಂಜಿಕಿ. ನನಗೂ ಒಂದು ನೆವ ಬೇಕಾಗಿತ್ತವ್ವ."

ದೀಪಾಲಿ ಮಾತ್ರ ದೀಪಾವಳಿಯವರೆಗೂ ಬೇಕಾದಷ್ಟೇ ಮಾತಾಡಿದಳು. ಮರುವರ್ಷ ಜೂನ್‌ನಲ್ಲಿ ಸಾರಿಕಾಳೇ ಅವಳ ಮುಂದೆ ನಿಂತಳು.

"ನಿಮ್ಮ ಕಾಕಾಗ ಫೋನ್ ಹಚ್ಚು. ಈ ಸಲ ಎಲ್ಲಾರೂ ಹೋಗೂಣು."

ಅಕ್ಕಲಕೋಟೆಯ ದಾರಿಯಲ್ಲಿ ಕುಂಭಾರಿ ಊರು ದಾಟುವಾಗ ಕಾರಿನಲ್ಲಿ ಲೀಲಾಬಾಯಿ ದೀಪಾಲಿಯ ಹೆಗಲಿಗೆ ಒರಗಿ ನಿದ್ದೆ ಹೋದರು. ಸಾರಿಕಾಗೆ ಒಳಗೆ ಚುರ್ರೆಂದಿತು. ಮುಖ ಕಿಟಕಿಯತ್ತ ತಿರುಗಿಸಿದಳು. ದವಾಖಾನೆಯಲ್ಲಿ ಕಲ್ಯಾಣಪ್ಪ ಕಣ್ಣು ಬಿಗಿಯಾಗಿ ಮುಚ್ಚಿ, ಸೂಜಿ ಹೊರಬರುವವರೆಗೂ ಹಿರಿಯ ಸೊಸೆಯ ಕೈ ಬಿಡಲಿಲ್ಲ.

"ಮುಗೀತ್ರಿ ಮಾವಾರ" ಎಂದಳು ದೀಪಾಲಿ. ಆಮೇಲೆ ಸಾರಿಕಾಳತ್ತ ತಿರುಗಿ, "ಅಕ್ಕಾ, ಈಗ ನೀವು ಕೂಡ್ರಿ" ಎಂದಳು.